ಗಡಿ ಪಾರ್ಲಿಮೆಂಟಿನ ಕೈಯಲ್ಲಿ, ನುಡಿ ನಮ್ಮ ಕೈಯಲ್ಲಿ



1956ನೆಯ ಇಸವಿಯ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡನಾಡಿನ ಭಾಗಗಳು ಒಂದುಗೂಡಿದವು. ಆ ದಿನ ಹಬ್ಬ ಆಚರಿಸಿದ ಊರುಗಳು ಅನೇಕ. ಆದರೆ ಅದೇ ದಿನ ಕಾಸರಗೋಡು ತಾಲ್ಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಮುಂಬಯಿ ರಾಜ್ಯದಲ್ಲಿಯೇ ಉಳಿದವು. ಕೊಳ್ಳೇಗಾಲವು ಮೈಸೂರಿಗೆ ಬಂದರೂ ತಾಳವಾಡಿ, ಹೊಸೂರುಗಳು ಮದರಾಸು ರಾಜ್ಯದಲ್ಲಿ ಉಳಿದವು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳಾದರೋ ಅದಕ್ಕೂ ಮೊದಲೇ, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ, ಬಳ್ಳಾರಿ ಜಿಲ್ಲೆಯಿಂದ ಅಗಲಿದ್ದವು.

ಅಂದಿನಿಂದ ಇಂದಿನವರೆಗೆ ನಮ್ಮ ಊರ ಚಾವಡಿಗಳಲ್ಲಿ, ಜಾತ್ರೆ ಸಂತೆಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಏಳುತ್ತಿದೆ. ನಮ್ಮನ್ನು ಈ ರಾಜ್ಯಕ್ಕೆ ಸೇರಿಸುವ ಅಧಿಕಾರ ಯಾರದಿತ್ತು? ಬೇರೆ ಮಾಡುವ ಅಧಿಕಾರ ಯಾರದಿದೆ? ಹಳ್ಳಿಯವರಾದ ನಮ್ಮ ಹಕ್ಕು ಏನು? ಪ್ರಶ್ನೆಯು ನ್ಯಾಯವಾದುದು. ಆದರೆ ನಮ್ಮ ಚರ್ಚೆಗಳಲ್ಲಿ ಕಾವು ಇರುವಷ್ಟು ತಿಳಿವಳಿಕೆ ಇಲ್ಲವೆಂಬುದನ್ನು ನಾವೇ ಒಪ್ಪಿಕೊಳ್ಳಬೇಕು. ಸಂವಿಧಾನವೆಂಬುದು ದಿಲ್ಲಿಯ ವಕೀಲರ ಸೊತ್ತಲ್ಲ. ಅದು ನಮ್ಮ ಹೆಸರಿನಲ್ಲಿಯೇ ಬರೆಯಲ್ಪಟ್ಟ ಪುಸ್ತಕ. ಆದಕಾರಣ ಈ ವಿಷಯದಲ್ಲಿ ಅದು ಹೇಳುವುದೇನು, ಹೇಳದೆ ಬಿಟ್ಟಿರುವುದೇನು ಎಂಬುದನ್ನು ಇಲ್ಲಿ ನೇರವಾಗಿ ನೋಡೋಣ.

ಮೊದಲು ಗಡಿಯ ಮಾತು. ಸಂವಿಧಾನದ 3ನೆಯ ಅನುಚ್ಛೇದದಂತೆ ಹೊಸ ರಾಜ್ಯವನ್ನು ರಚಿಸುವ, ಇರುವ ರಾಜ್ಯದ ಪ್ರದೇಶವನ್ನು ಹೆಚ್ಚಿಸುವ ಅಥವಾ ಕಡಿಮೆಮಾಡುವ, ಎಲ್ಲೆಯನ್ನು ಬದಲಿಸುವ ಅಧಿಕಾರವು ಪಾರ್ಲಿಮೆಂಟಿಗೆ ಸೇರಿದ್ದು. ರಾಷ್ಟ್ರಪತಿಗಳ ಶಿಫಾರಸಿಲ್ಲದೆ ಅಂಥ ಮಸೂದೆಯನ್ನು ಮಂಡಿಸುವಂತಿಲ್ಲ. ಅದಕ್ಕೆ ಮೊದಲು ಸಂಬಂಧಪಟ್ಟ ರಾಜ್ಯದ ಶಾಸನಸಭೆಗೆ ಮಸೂದೆಯನ್ನು ಕಳುಹಿಸಿ ಅದರ ಅಭಿಪ್ರಾಯ ಕೇಳಬೇಕು. ಕೇಳಬೇಕು ಎಂದಿದೆಯೇ ಹೊರತು ಕೇಳಿದಂತೆ ನಡೆಯಬೇಕು ಎಂದಿಲ್ಲ. ಅಮೆರಿಕದ ಸಂವಿಧಾನದಲ್ಲಿ ರಾಜ್ಯವೊಂದರ ಶಾಸನಸಭೆಯ ಒಪ್ಪಿಗೆಯಿಲ್ಲದೆ ಅದರ ನೆಲವನ್ನು ತೆಗೆದು ಹೊಸ ರಾಜ್ಯ ಮಾಡುವಂತಿಲ್ಲ. ನಮ್ಮಲ್ಲಿ ಹಾಗಲ್ಲ. ಭಾರತದ ಒಕ್ಕೂಟವು ಅಭೇದ್ಯ. ಅದರೊಳಗಿನ ರಾಜ್ಯಗಳ ಎಲ್ಲೆಗಳು ಬದಲಾಗತಕ್ಕವು. ಅಂಥ ಕಾನೂನಿಗೆ ಸಂವಿಧಾನದ ತಿದ್ದುಪಡಿಗೆ ಬೇಕಾಗುವ ವಿಶೇಷ ಬಹುಮತವೂ ಬೇಡ, ಸಾಮಾನ್ಯ ಬಹುಮತ ಸಾಕೆಂದು 4ನೆಯ ಅನುಚ್ಛೇದವು ಹೇಳುತ್ತದೆ.

ಇದು ಬರಿಯ ಪುಸ್ತಕದ ಮಾತಲ್ಲ. 1956ರಲ್ಲಿ ಮುಂಬಯಿ ಪ್ರಾಂತವನ್ನು ಮೂರು ಭಾಗ ಮಾಡುವ ಮಸೂದೆಯನ್ನು ಶಾಸನಸಭೆಗೆ ಕಳುಹಿಸಿ, ಕೊನೆಗೆ ಪಾರ್ಲಿಮೆಂಟು ಒಂದೇ ದ್ವಿಭಾಷಾ ರಾಜ್ಯವನ್ನು ನಿರ್ಮಿಸಿತು. ಹೀಗೆ ಬದಲಿಸಿದುದು ತಪ್ಪೆಂದು ನ್ಯಾಯಾಲಯಕ್ಕೆ ಹೋದಾಗ, ಪಾರ್ಲಿಮೆಂಟು ಶಾಸನಸಭೆಯ ಅಭಿಪ್ರಾಯಕ್ಕೆ ಕಟ್ಟುಬಿದ್ದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1959ರಲ್ಲಿ ತೀರ್ಪಿತ್ತಿತು. ಹತ್ತಿರದ ಉದಾಹರಣೆ ಬೇಕಾದರೆ ತೆಲಂಗಾಣವನ್ನು ನೋಡಿ. 2014ರ ಜನವರಿಯಲ್ಲಿ ಆಂಧ್ರಪ್ರದೇಶದ ವಿಧಾನಸಭೆಯು ವಿಭಜನೆಯ ಮಸೂದೆಯನ್ನು ತಿರಸ್ಕರಿಸಿತು. ಫೆಬ್ರವರಿಯಲ್ಲಿ ಪಾರ್ಲಿಮೆಂಟು ಅದನ್ನು ಅಂಗೀಕರಿಸಿತು. ಜೂನ್ 2ರಂದು ತೆಲಂಗಾಣವು ಹುಟ್ಟಿತು.

ಇದರಿಂದ ನಾವು ತಿಳಿಯಬೇಕಾದುದೇನು? ಶಾಸನಸಭೆಯ ಗೊತ್ತುವಳಿಯಾಗಲಿ ಪಂಚಾಯಿತಿಯ ಠರಾವಾಗಲಿ ತನ್ನಷ್ಟಕ್ಕೆ ತಾನು ಒಂದು ಗಡಿಗಲ್ಲನ್ನೂ ಸರಿಸಲಾರದು. 2022ರ ಡಿಸೆಂಬರಿನಲ್ಲಿ ಕರ್ನಾಟಕದ ಶಾಸನಸಭೆಯು ಒಂದಂಗುಲ ನೆಲವನ್ನೂ ಬಿಡೆವೆಂದು ಗೊತ್ತುವಳಿ ಮಾಡಿತು. ಕೆಲವೇ ದಿನಗಳಲ್ಲಿ ಮಹಾರಾಷ್ಟ್ರದ ಶಾಸನಸಭೆಯು 865 ಊರುಗಳು ತನಗೆ ಸೇರಬೇಕೆಂದು ಠರಾವು ಮಾಡಿತು. ಗಡಿ ಮಾತ್ರ ಇದ್ದಲ್ಲಿಯೇ ಇದೆ. ಆ ದಿನಗಳಲ್ಲಿ ನಿಂತುಹೋದುದು ಬಸ್ಸು. ಎರಡೂ ಕಡೆ ಬಸ್ಸುಗಳಿಗೆ ಕಲ್ಲು ಬಿದ್ದು, ಮಸಿ ಬಳಿಯಲ್ಪಟ್ಟು, ಆಸ್ಪತ್ರೆಗೆ, ಸಂತೆಗೆ, ಬೀಗರ ಮನೆಗೆ ಹೋಗಬೇಕಾದ ಗಡಿಯ ಬಡಜನರು ನಿಲ್ದಾಣದಲ್ಲಿ ಕುಳಿತರು. ರಾಜಧಾನಿಗಳಲ್ಲಿ ಎದ್ದ ಆವೇಶದ ಬೆಲೆಯನ್ನು ತೆತ್ತವರು ನಾವು.

ಆದರೂ ಠರಾವು ವ್ಯರ್ಥವೆಂದು ಹೇಳಲಾಗದು. ಜತ್ತ ತಾಲ್ಲೂಕಿನ ಹಳ್ಳಿಗಳು ನೀರಿಲ್ಲದೆ ಬೇಸತ್ತು, ಕರ್ನಾಟಕಕ್ಕೆ ಸೇರುವೆವೆಂದು ಹಿಂದೆ ಮಾಡಿದ್ದ ಠರಾವುಗಳ ಮಾತು 2022ರ ನವೆಂಬರಿನಲ್ಲಿ ಮತ್ತೆ ಎದ್ದಿತು. ಅದಾದ ಮೇಲೆ ಮ್ಹೈಸಾಳ ಏತ ನೀರಾವರಿಯನ್ನು ಆ ಭಾಗಕ್ಕೆ ವಿಸ್ತರಿಸುವ ಕಾರ್ಯಕ್ಕೆ ಮಹಾರಾಷ್ಟ್ರ ಸರಕಾರವು ಚುರುಕು ಕೊಟ್ಟಿತು. ಠರಾವು ಗಡಿಗಲ್ಲನ್ನು ಸರಿಸಲಿಲ್ಲ. ಕಾಲುವೆಯ ಕಡತವನ್ನು ಸರಿಸಿತು. ಸಾರ್ವಜನಿಕ ಚರ್ಚೆಯ ಬಲ ಇಂಥದು. ಯಾವ ಬಾಗಿಲನ್ನು ತಟ್ಟಿದರೆ ಯಾವುದು ತೆರೆಯುತ್ತದೆಂಬುದನ್ನು ಬಲ್ಲವನಿಗೆ ಅದು ಉಪಯೋಗಕ್ಕೆ ಬರುತ್ತದೆ.

ಇನ್ನು ನ್ಯಾಯಾಲಯದ ಬಾಗಿಲು. ರಾಜ್ಯ ರಾಜ್ಯಗಳ ವ್ಯಾಜ್ಯವನ್ನು 131ನೆಯ ಅನುಚ್ಛೇದದಂತೆ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ಯಬಹುದು. ಬೆಳಗಾವಿಯ ವಿಷಯದಲ್ಲಿ ಮಹಾರಾಷ್ಟ್ರವು 2004ರಲ್ಲಿ ಹಾಗೆಯೇ ದಾವೆ ಹೂಡಿತು. ಎರಡು ದಶಕಗಳು ಕಳೆದರೂ ಅದು ತೀರಲಿಲ್ಲ. ಅಲ್ಲಿ ಕರ್ನಾಟಕದ ವಾದವೆಂದರೆ ಎಲ್ಲೆಯ ಪ್ರಶ್ನೆಯು ಪಾರ್ಲಿಮೆಂಟಿನದು, ನ್ಯಾಯಾಲಯದ್ದಲ್ಲ ಎಂಬುದು. ಈ ವಾದವನ್ನು ನಾವು ಕೈಚಪ್ಪಾಳೆ ತಟ್ಟಿ ಒಪ್ಪುವಾಗ ಅದರ ಇನ್ನೊಂದು ಮಗ್ಗುಲನ್ನೂ ಕಾಣಬೇಕು. ಬೆಳಗಾವಿಗೆ ಅನ್ವಯಿಸುವ ನ್ಯಾಯವೇ ಕಾಸರಗೋಡಿಗೂ ಅಕ್ಕಲಕೋಟೆಗೂ ಅನ್ವಯಿಸುತ್ತದೆ. ನಮ್ಮ ಬೇಡಿಕೆಯೂ ಪಾರ್ಲಿಮೆಂಟಿನ ಮೂಲಕವೇ ಈಡೇರಬೇಕು; ಅನ್ಯಮಾರ್ಗವಿಲ್ಲ.

ಮಹಾಜನ ವರದಿಯ ಮಾತೂ ಹೀಗೆಯೇ. 1966ರ ಅಕ್ಟೋಬರಿನಲ್ಲಿ ನೇಮಕವಾದ ನ್ಯಾಯಮೂರ್ತಿ ಮೆಹರಚಂದ ಮಹಾಜನರ ಆಯೋಗವು 1967ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಬೆಳಗಾವಿ ನಗರವು ಮೈಸೂರು ರಾಜ್ಯದಲ್ಲಿಯೇ ಇರಬೇಕು, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಮೈಸೂರಿಗೆ ಸೇರಬೇಕು, ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಕನ್ನಡ ಹಳ್ಳಿಗಳು ಬರಬೇಕು ಎಂದು ಅದು ಹೇಳಿತು. ಇಷ್ಟನ್ನು ನಮ್ಮ ಭಾಷಣಕಾರರೆಲ್ಲ ಹೇಳುತ್ತಾರೆ. ಮೈಸೂರಿನ 264 ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಬೇಕೆಂದೂ ಅದೇ ವರದಿಯಲ್ಲಿದೆ. ಇದನ್ನು ಹೇಳುವವರು ವಿರಳ. ವರದಿಯನ್ನು ಇಡಿಯಾಗಿ ಒಪ್ಪುವೆವೆಂದವರು ಅದನ್ನು ಇಡಿಯಾಗಿ ಓದಬೇಕು. ಸಿಹಿಯಾದ ಪುಟವನ್ನು ಮಾತ್ರ ಹರಿದುಕೊಂಡು ಬಂದು ಸಭೆಯಲ್ಲಿ ತೋರಿಸುವುದು ಸತ್ಯಕ್ಕೆ ದೂರವಾದ ಚರ್ಚೆ. ಅದು ನಮ್ಮ ನ್ಯಾಯವನ್ನು ಬಲಪಡಿಸುವುದಿಲ್ಲ, ಶಂಕೆಗೆ ಎಡೆಮಾಡುತ್ತದೆ.

ಇಷ್ಟು ಗಡಿಯ ಮಾತಾಯಿತು. ಅದರ ಕೀಲಿಕೈ ನಮ್ಮಲ್ಲಿಲ್ಲ. ಆದರೆ 1956ರ ನವೆಂಬರ್ 1ರಂದೇ ಮತ್ತೊಂದು ಕಾರ್ಯವೂ ನಡೆಯಿತೆಂಬುದನ್ನು ನಮ್ಮಲ್ಲಿ ಬಹುಮಂದಿ ಅರಿಯರು. ಎಲ್ಲೆಗಳನ್ನು ಎಳೆದ ದಿನವೇ, ಎಲ್ಲೆಯ ಆಚೆ ಉಳಿದವರಿಗಾಗಿ, 7ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ಮತ್ತು 350ಬಿ ಎಂಬ ಎರಡು ಅನುಚ್ಛೇದಗಳು ಸೇರಿದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲವನ್ನು ಪ್ರತಿಯೊಂದು ರಾಜ್ಯವೂ ಒದಗಿಸಲು ಯತ್ನಿಸತಕ್ಕದ್ದೆಂದು ಮೊದಲನೆಯದು. ಈ ರಕ್ಷಣೆಗಳು ನಡೆಯುತ್ತಿವೆಯೇ ಎಂದು ವಿಚಾರಿಸಿ ರಾಷ್ಟ್ರಪತಿಗಳಿಗೆ ವರದಿ ಮಾಡಲು ವಿಶೇಷಾಧಿಕಾರಿಯೊಬ್ಬನು ಇರತಕ್ಕದ್ದು, ಆ ವರದಿಯು ಪಾರ್ಲಿಮೆಂಟಿನ ಉಭಯ ಸದನಗಳ ಮುಂದೆ ಬರತಕ್ಕದ್ದೆಂದು ಎರಡನೆಯದು. 1957ರಲ್ಲಿ ಭಾಷಾ ಅಲ್ಪಸಂಖ್ಯಾತರ ಕಮಿಷನರ ಕಚೇರಿಯು ಸ್ಥಾಪಿತವಾದುದು ಇದರ ಫಲ.

ಇವಲ್ಲದೆ ಮೊದಲೇ ಇದ್ದ ಹಕ್ಕುಗಳು ಬೇರೆ. ತನ್ನ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಕಾಪಾಡಿಕೊಳ್ಳುವ ಹಕ್ಕು 29ನೆಯ ಅನುಚ್ಛೇದದಲ್ಲಿದೆ. ಸ್ವಂತ ವಿದ್ಯಾಸಂಸ್ಥೆಯನ್ನು ಕಟ್ಟಿ ನಡೆಸುವ ಹಕ್ಕು 30ರಲ್ಲಿದೆ. 350ನೆಯದಂತೂ ಹಳ್ಳಿಗನ ಪಾಲಿಗೆ ಬಹು ಅಮೂಲ್ಯ: ಯಾವ ಪ್ರಜೆಯೂ ತನ್ನ ಅಹವಾಲನ್ನು ಒಕ್ಕೂಟದ ಅಥವಾ ರಾಜ್ಯದ ಯಾವ ಅಧಿಕಾರಿಗೇ ಆಗಲಿ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು. ಕೇರಳದ 1969ರ ರಾಜಭಾಷಾ ಕಾನೂನಿನಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿಯೇ ಸರಕಾರಕ್ಕೆ ಬರೆಯಬಹುದು, ಉತ್ತರವೂ ಆ ಭಾಷೆಯಲ್ಲಿಯೇ ಬರತಕ್ಕದ್ದು ಎಂಬ ಏರ್ಪಾಡು ಮಾಡಲಾಯಿತು. ಹೀಗಿರುವಾಗ ಕನ್ನಡದಲ್ಲಿ ಅರ್ಜಿ ಬರೆಯಲು ನಾವೇ ಅಂಜಿ, ಪರಭಾಷೆಯಲ್ಲಿ ಬರೆಯಿಸಲು ಅರ್ಜಿಬರಹದವನಿಗೆ ಕಾಸು ಕೊಡುವುದು ಎಂಥ ವಿಪರ್ಯಾಸ!

ಶಾಲೆಯ ವಿಷಯದಲ್ಲಿ ಒಂದು ಲೆಕ್ಕವನ್ನು ಪ್ರತಿಯೊಂದು ಮನೆಯೂ ನೆನಪಿಡಬೇಕು. ಒಂದು ತರಗತಿಯಲ್ಲಿ 10 ಮಕ್ಕಳು ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಆ ಭಾಷೆಯವರಿದ್ದರೆ ಅವರಿಗೆ ಮಾತೃಭಾಷೆಯಲ್ಲಿ ಕಲಿಸಲು ಉಪಾಧ್ಯಾಯರನ್ನು ನೇಮಿಸಬೇಕೆಂದು 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ನಿರ್ಣಯಿಸಿತು. 1956ರ ಭಾರತ ಸರಕಾರದ ಜ್ಞಾಪಕಪತ್ರವು ಅದನ್ನು ಅಂಗೀಕರಿಸಿತು. ಅಲ್ಪಸಂಖ್ಯಾತರು ನೂರಕ್ಕೆ 15ರಿಂದ 20ರಷ್ಟಿರುವಲ್ಲಿ ಮುಖ್ಯ ಸರಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಬರಬೇಕೆಂದು ಅದೇ ಪತ್ರದಲ್ಲಿದೆ.

ಈ ರಕ್ಷಣೆಗಳಲ್ಲಿ ದೌರ್ಬಲ್ಯವಿಲ್ಲವೆಂದು ನಾವು ಹೇಳುವುದಿಲ್ಲ. 350ಎಯು ರಾಜ್ಯಕ್ಕೆ ಯತ್ನಿಸೆಂದು ಹೇಳುತ್ತದೆ; ಯತ್ನದ ಅಳತೆ ಯಾರ ಕೈಯಲ್ಲಿ? ಜ್ಞಾಪಕಪತ್ರವು ಕಾನೂನಲ್ಲ. ಕಮಿಷನರು ವರದಿ ಬರೆಯಬಲ್ಲರು, ದಂಡಿಸಲಾರರು. ಅಲ್ಲದೆ 2014ರಲ್ಲಿ ಕರ್ನಾಟಕ ಸರಕಾರದ ಮೊಕದ್ದಮೆಯಲ್ಲಿಯೇ, ಮಾತೃಭಾಷಾ ಮಾಧ್ಯಮವನ್ನು ಯಾರ ಮೇಲೂ ಹೇರಲು ರಾಜ್ಯಕ್ಕೆ ಅಧಿಕಾರವಿಲ್ಲ, ಆಯ್ಕೆಯು ತಂದೆತಾಯಿಗಳದು ಎಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ಎಂದಮೇಲೆ ಆ 10ರ ಲೆಕ್ಕವನ್ನು ತುಂಬಿಸುವವರು ಯಾರು? ದಿಲ್ಲಿಯಲ್ಲ, ಬೆಂಗಳೂರಲ್ಲ, ತಿರುವನಂತಪುರವಲ್ಲ, ಮುಂಬಯಿಯಲ್ಲ. ನಾವು. ಒಂಬತ್ತು ಮಕ್ಕಳಿರುವ ತರಗತಿಯನ್ನು ಮುಚ್ಚುವವನ ಕೈಗೆ ನೆಪ ಕೊಟ್ಟವನು, ಹತ್ತನೆಯ ಮಗುವನ್ನು ಬೇರೆಡೆಗೆ ಕಳುಹಿಸಿದ ತಂದೆ. ಈ ಮಾತು ಕಹಿ, ಆದರೂ ಆಡಲೇಬೇಕಾದುದು.

ನಮ್ಮಲ್ಲಿ ಕೆಲವರು ಆಕ್ಷೇಪಿಸುವರು: ಅಲ್ಪಸಂಖ್ಯಾತರ ರಕ್ಷಣೆಯನ್ನು ಬೇಡುವುದೆಂದರೆ ಶಾಶ್ವತವಾಗಿ ಇಲ್ಲಿಯೇ ಉಳಿಯುವೆವೆಂದು ಒಪ್ಪಿದಂತೆ, ಏಕೀಕರಣದ ಬೇಡಿಕೆ ಇದರಿಂದ ಸಡಿಲವಾಗುತ್ತದೆ ಎಂದು. ಈ ಆಕ್ಷೇಪದಲ್ಲಿ ಪ್ರಾಮಾಣಿಕತೆಯಿದೆ, ದೂರದೃಷ್ಟಿಯಿಲ್ಲ. ನಾಳೆ ಪಾರ್ಲಿಮೆಂಟು ಮತ್ತೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರೆ ಅದು ಕೇಳುವುದು ನಮ್ಮ ಅಜ್ಜಂದಿರ ಭಾಷೆಯನ್ನಲ್ಲ, ಜನಗಣತಿಯ ಪುಸ್ತಕದಲ್ಲಿ ನಾವು ಬರೆಯಿಸಿದ ಭಾಷೆಯನ್ನು. ನೋಡುವುದು ನಮ್ಮ ಶಾಲೆಯ ಹಾಜರಿ ಪುಸ್ತಕವನ್ನು. ಕನ್ನಡವನ್ನು ಕಳೆದುಕೊಂಡ ಊರು ಕನ್ನಡನಾಡಿಗೆ ಸೇರಬೇಕೆಂದು ಯಾವ ಬಾಯಿಂದ ಕೇಳೀತು? ಹಕ್ಕನ್ನು ಬಳಸುವುದೇ ಹಕ್ಕೊತ್ತಾಯವನ್ನು ಜೀವಂತವಾಗಿಡುವ ಉಪಾಯ.

ಇದರೊಂದಿಗೆ ಒಂದು ಧರ್ಮದ ಮಾತು. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನೇ ಘಟಕವಾಗಿ ಹಿಡಿದು ನಿರ್ಧರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಹೇಳಿದೆ. ಸೊಲ್ಲಾಪುರದಲ್ಲಿ ಕನ್ನಡಿಗನಿಗೆ ದೊರೆಯಬೇಕಾದ ರಕ್ಷಣೆಯೇ ಖಾನಾಪುರದಲ್ಲಿ ಮರಾಠಿಗನಿಗೂ ದೊರೆಯಬೇಕು. ಅಲ್ಲಿ ಮರಾಠಿ ಶಾಲೆಗೆ ಅನ್ಯಾಯವಾದಾಗ ಮೌನವಾಗಿರುವವನ ಮಾತಿಗೆ ಜತ್ತದಲ್ಲಿ ಬೆಲೆಯಿರದು. ಕರ್ನಾಟಕದೊಳಗಿನ ನಮ್ಮ ಬಂಧುಗಳಿಗೆ ಈ ಮಾತನ್ನು ಹೇಳುವ ಅಧಿಕಾರ ಗಡಿಯಾಚೆಯ ನಮಗೆ ವಿಶೇಷವಾಗಿ ಇದೆ. ಏಕೆಂದರೆ ಅವರ ನಡತೆಯ ಫಲವನ್ನು ಉಣ್ಣುವವರು ನಾವು.

ಆದುದರಿಂದ ಮುಂದೆ ನಮ್ಮ ಊರಸಭೆ ಸೇರಿದಾಗ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳೋಣ. ಇದು ಪಾರ್ಲಿಮೆಂಟಿನ ಅಧಿಕಾರದ ಮಾತೇ? ಹಾಗಿದ್ದರೆ ಮನವಿಯನ್ನು ಲೋಕಸಭೆಯ ಸದಸ್ಯರ ಮೂಲಕ ದಿಲ್ಲಿಗೆ ಕಳುಹಿಸೋಣ. ಇದು ನಾವಿರುವ ರಾಜ್ಯದ ಕರ್ತವ್ಯದ ಮಾತೇ? ಹಾಗಿದ್ದರೆ ಅಲ್ಲಿಯ ಅಧಿಕಾರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಉತ್ತರ ಬಾರದಿದ್ದರೆ ಕಮಿಷನರಿಗೆ ಬರೆಯೋಣ. ಇದು ನಮ್ಮ ಮನೆಯ ಮಾತೇ? ಹಾಗಿದ್ದರೆ ಯಾರನ್ನೂ ದೂರದೆ ನಾಳೆಯೇ ಮಾಡೋಣ. ಈ ಮೂರನ್ನು ಕಲಸಿದರೆ ಗದ್ದಲ, ಬೇರ್ಪಡಿಸಿದರೆ ಚರ್ಚೆ. ನೆರೆಯವನು ಮಲಯಾಳಿಯೇ ಇರಲಿ, ಮರಾಠಿಗನೇ ಇರಲಿ, ತಮಿಳನೋ ತೆಲುಗನೋ ಇರಲಿ, ಅವನನ್ನೂ ಆ ಸಭೆಗೆ ಕರೆಯೋಣ. ನಮ್ಮ ವಾದವು ನ್ಯಾಯವಾದುದಾದರೆ ಅವನೆದುರಿಗೂ ಆಡಬಲ್ಲೆವು.

ಗಡಿ ಎಂದು ಸರಿದೀತೋ ಹೇಳುವ ಅಧಿಕಾರ ನಮಗಿಲ್ಲ. ಅದಕ್ಕಾಗಿ ಕೇಳುವುದನ್ನು ನಾವು ಬಿಡುವುದೂ ಇಲ್ಲ. ಆದರೆ ಬರುವ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ನಮ್ಮ ಊರಿನ ಕನ್ನಡ ತರಗತಿಯಲ್ಲಿ ಎಷ್ಟು ಮಕ್ಕಳ ಹೆಸರು ಇರುವುದೆಂಬುದು ನಾವು ನಿರ್ಧರಿಸತಕ್ಕ ವಿಷಯ. ಮೊದಲು ಆ ಹತ್ತನ್ನು ಎಣಿಸೋಣ.