ಹಚ್ಚದ ದೀಪಕ್ಕೂ ದುಡ್ಡು

2025ರ ಮಾರ್ಚ್ 27ರಂದು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಹೊಸ ದರ ಪ್ರಕಟಿಸಿದಾಗ, ಮನೆ ಬಳಕೆಯ ಕರೆಂಟು ಯೂನಿಟ್‌ಗೆ 10 ಪೈಸೆ ಅಗ್ಗವಾಯಿತು ಎಂಬುದೇ ಸುದ್ದಿಯಾಯಿತು. 5 ರೂಪಾಯಿ 90 ಪೈಸೆ ಇದ್ದದ್ದು 5 ರೂಪಾಯಿ 80 ಪೈಸೆಗೆ ಇಳಿದದ್ದು ಸುಳ್ಳಲ್ಲ. ಆದರೆ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಮನೆಗಳಿಗೆ ವಿದ್ಯುತ್ ಕಂಪನಿ ಜೆಸ್ಕಾಂನ ಮೀಟರ್ ರೀಡರ್ ಹರಿದು ಕೊಡುವ ಉದ್ದನೆಯ ಚೀಟಿಯಲ್ಲಿ ಇನ್ನೊಂದು ಸಾಲೂ ಇದೆ: ನಿಗದಿತ ಶುಲ್ಕ. ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 120 ರೂಪಾಯಿ ಇದ್ದ ಈ ಶುಲ್ಕ ಅದೇ ಆದೇಶದಲ್ಲಿ 145 ಆಯಿತು. ಏರಿದ ಈ 25 ರೂಪಾಯಿಯನ್ನು 10 ಪೈಸೆಯ ಇಳಿಕೆಯಲ್ಲಿ ಸರಿದೂಗಿಸಬೇಕೆಂದರೆ ಒಂದು ಕಿಲೋವ್ಯಾಟ್‌ನ ಮನೆ ತಿಂಗಳಿಗೆ 250 ಯೂನಿಟ್ ಬಳಸಬೇಕು. ಅಷ್ಟು ಬಳಸಿದರೂ ಪ್ರಯೋಜನವಿಲ್ಲ. ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಹೆಸರಿನಲ್ಲಿ ಅದೇ ತಿಂಗಳು ಯೂನಿಟ್‌ಗೆ 36 ಪೈಸೆಯ ಸರ್‌ಚಾರ್ಜ್ ಕೂಡ ಬಂದು ಕೂತಿತು. ಒಂದು ಕೈಯಲ್ಲಿ ಕೊಟ್ಟು ಎರಡು ಕೈಯಲ್ಲಿ ಕಿತ್ತುಕೊಂಡ ವ್ಯವಹಾರ ಇದು.

ಮೊತ್ತ ಏರಿದ್ದಕ್ಕಿಂತ ದೊಡ್ಡ ತಕರಾರು, ಅದು ಏರಿದ ಬಗೆಯಲ್ಲಿದೆ. 2023ರ ಮೇ ತಿಂಗಳ ಆದೇಶದಲ್ಲಿ ನೂರು ಯೂನಿಟ್‌ವರೆಗೆ ಯೂನಿಟ್‌ಗೆ 4.75, ನೂರು ದಾಟಿದರೆ ಎಲ್ಲ ಯೂನಿಟ್‌ಗೂ 7 ರೂಪಾಯಿ ದರವಿತ್ತು. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 110. ಆ ದರಕ್ಕೂ ಜನ ಬೀದಿಗಿಳಿದಿದ್ದರು, ಅದು ಬೇರೆ ಮಾತು. 2024ರ ಏಪ್ರಿಲ್‌ನಿಂದ ಈ ಮೆಟ್ಟಿಲುಗಳನ್ನು ತೆಗೆದುಹಾಕಿ ಎಲ್ಲರಿಗೂ ಒಂದೇ ದರ ಮಾಡಿದರು. ತೆರಿಗೆ, ಇಂಧನ ಹೊಂದಾಣಿಕೆ ಶುಲ್ಕ ಎರಡನ್ನೂ ಬಿಟ್ಟು ಲೆಕ್ಕ ಹಾಕಿ ನೋಡಿ. ಒಂದು ಕಿಲೋವ್ಯಾಟ್ ಲೋಡ್‌ನಲ್ಲಿ 60 ಯೂನಿಟ್ ಬಳಸುವ ಮನೆಗೆ 2023ರಲ್ಲಿ ಯೂನಿಟ್ ಸರಾಸರಿ 6 ರೂಪಾಯಿ 58 ಪೈಸೆಗೆ ಬೀಳುತ್ತಿತ್ತು. ಎರಡು ಕಿಲೋವ್ಯಾಟ್‌ನಲ್ಲಿ 300 ಯೂನಿಟ್ ಬಳಸುವ ಮನೆಗೆ 7 ರೂಪಾಯಿ 73 ಪೈಸೆಗೆ. 2025ರ ದರದಲ್ಲಿ, 36 ಪೈಸೆಯ ಸರ್‌ಚಾರ್ಜ್ ಸೇರಿ, ಸಣ್ಣ ಮನೆಗೆ 8 ರೂಪಾಯಿ 58 ಪೈಸೆ, ದೊಡ್ಡ ಮನೆಗೆ 7 ರೂಪಾಯಿ 13 ಪೈಸೆ. ಬರೀ 30 ಯೂನಿಟ್ ಬಳಸುವ ಮನೆಗೆ ಯೂನಿಟ್ ಹೆಚ್ಚುಕಡಿಮೆ 11 ರೂಪಾಯಿ! ಎರಡೇ ವರ್ಷದಲ್ಲಿ ನ್ಯಾಯ ತಲೆಕೆಳಗಾಗಿದೆ. ಕಡಿಮೆ ಉರಿಸಿದವರಿಗೆ ಹೆಚ್ಚು ದರ, ಹೆಚ್ಚು ಉರಿಸಿದವರಿಗೆ ಕಡಿಮೆ ದರ.

ಉಚಿತ ವಿದ್ಯುತ್ತಿನ ಗೃಹಜ್ಯೋತಿ ಇರುವಾಗ ಈ ಲೆಕ್ಕವೆಲ್ಲ ಯಾಕೆ, ಬಡವರ ಬಿಲ್ಲು ಸೊನ್ನೆಯೇ ಅಲ್ಲವೇ ಎಂದು ಕೇಳುವವರಿದ್ದಾರೆ. 2023ರ ಜುಲೈನಿಂದ ಜಾರಿಗೆ ಬಂದ ಆ ಯೋಜನೆ ಈ ಮೂರೂ ತಾಲ್ಲೂಕುಗಳ ಬಹಳಷ್ಟು ಮನೆಗಳ ಭಾರ ಇಳಿಸಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಸರ್ಕಾರ ಜೆಸ್ಕಾಂಗೆ ತುಂಬಿಕೊಡುವ ಹಣ. ದರ ಹೇಗಿದೆಯೋ ಹಾಗೇ ನಿಂತಿರುತ್ತದೆ, ಯೋಜನೆ ಮಾತ್ರ ಪ್ರತಿ ಬಜೆಟ್‌ನಲ್ಲಿ ಮರುಜನ್ಮ ಪಡೆಯಬೇಕು. ಒಬ್ಬರ ಹೆಸರಿನಲ್ಲಿ ಎರಡು ಮೀಟರ್ ಇದ್ದರೆ ಒಂದಕ್ಕಷ್ಟೇ ಸೌಲಭ್ಯ. ಇನ್ನು ಬೇಸಿಗೆ. ಉಚಿತ ಯೂನಿಟ್ಟಿನ ಮಿತಿ ನಿಂತಿರುವುದು ಹಿಂದಿನ ಬಳಕೆಯ ವಾರ್ಷಿಕ ಸರಾಸರಿಯ ಮೇಲೆ. ರಾಯಚೂರು ಜಿಲ್ಲೆಯ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಸರಾಸರಿಯ ಹಂಗಿಲ್ಲ. ಉಷ್ಣಾಂಶ 40 ಡಿಗ್ರಿ ದಾಟಿದ ಮೇಲೆ ಕೂಲರ್ ರಾತ್ರಿಯಿಡೀ ತಿರುಗಲೇಬೇಕು. ಮಿತಿ ಮೀರಿದರೆ ಮೀರಿದಷ್ಟಕ್ಕೆ ಬಿಲ್ಲು, 200 ದಾಟಿದರೆ ಪೂರ್ತಿ ಬಿಲ್ಲು. 2025ರ ದರದಲ್ಲಿ 210 ಯೂನಿಟ್ ಬಳಸಿದ ಎರಡು ಕಿಲೋವ್ಯಾಟ್‌ನ ಮನೆ ಆ ತಿಂಗಳು ತೆರಿಗೆ ಬಿಟ್ಟೇ, ಸರ್‌ಚಾರ್ಜ್ ಸೇರಿ 1,584 ರೂಪಾಯಿ ಕಟ್ಟಬೇಕಿತ್ತು. ಹಿಂದಿನ ವರ್ಷದ ದರದಲ್ಲಿ ಅದು 1,479 ಆಗುತ್ತಿತ್ತು. ದರ ಇಳಿದಿದೆ ಎಂದು ಸಾರಿದ ವರ್ಷದ ಕಥೆ ಇದು.

ಕಂಪನಿಗಳ ವಾದವನ್ನೂ ಪೂರ್ತಿ ಕೇಳಬೇಕು, ಏಕೆಂದರೆ ಅದರಲ್ಲಿ ಹುರುಳಿದೆ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ಲೈನ್‌ಮನ್ ಸಂಬಳ ಇವು ಯಾರು ಎಷ್ಟು ಯೂನಿಟ್ ಬಳಸಿದರೆಂದು ಕಾಯುವುದಿಲ್ಲ. ಇದೇ ಜಿಲ್ಲೆಯ ಶಕ್ತಿನಗರದ 1,720 ಮೆಗಾವ್ಯಾಟ್ ಸ್ಥಾವರವಾಗಲಿ, ಯರಮರಸ್‌ನ 1,600 ಮೆಗಾವ್ಯಾಟ್ ಸ್ಥಾವರವಾಗಲಿ, ಬೇಡಿಕೆ ಇಲ್ಲದೆ ನಿಂತ ದಿನವೂ ಸಾಮರ್ಥ್ಯ ಶುಲ್ಕ ಕೇಳುತ್ತವೆ. ನಿಗದಿತ ಶುಲ್ಕ ಪಡೆಯಲು 2003ರ ವಿದ್ಯುತ್ ಕಾಯ್ದೆಯ 45ನೇ ಕಲಮಿನ ಒಪ್ಪಿಗೆಯೂ ಇದೆ. ಸರಿ, ವೆಚ್ಚ ಸ್ಥಿರವಾದದ್ದು. ಆದರೆ ಸ್ಥಿರ ವೆಚ್ಚವನ್ನು ಸ್ಥಿರ ಶುಲ್ಕವಾಗಿಯೇ ವಸೂಲು ಮಾಡಬೇಕೆಂದು ಯಾವ ಅರ್ಥಶಾಸ್ತ್ರವೂ ಕಟ್ಟಳೆ ಮಾಡಿಲ್ಲ. ಬಸ್ಸಿನ ಸಾಲವೂ ಚಾಲಕನ ಸಂಬಳವೂ ಸ್ಥಿರವೇ. ನಾವು ಕೊಡುವುದು ಪ್ರಯಾಣ ಮಾಡಿದಷ್ಟು ದೂರದ ಟಿಕೆಟ್ಟಿಗೆ. ಮೇಲಾಗಿ, ಮಂಜೂರಾದ ಕಿಲೋವ್ಯಾಟ್ ಎಂಬುದು ಕಾಗದದ ಮೇಲಿನ ಅಂಕಿ. ನಾಲ್ಕು ಎಲ್‌ಇಡಿ ಬಲ್ಬು, ಎರಡು ಫ್ಯಾನು, ಒಂದು ಟಿವಿ ಒಟ್ಟಿಗೆ ನಡೆದರೂ ಅರ್ಧ ಕಿಲೋವ್ಯಾಟ್ ಮುಟ್ಟುವುದು ಕಷ್ಟ. ವಿದ್ಯುತ್ ಜಾಲದ ಮೇಲೆ ಹೊರಿಸದ ಹೊರೆಗೆ ಆ ಮನೆ ಬಾಡಿಗೆ ಕಟ್ಟುತ್ತಿದೆ. ಕೃಷ್ಣಾ ದಾಟಿ ತೆಲಂಗಾಣಕ್ಕೆ ಹೋದರೆ ಮನೆಗಳ ಮೇಲೆ 2022ರಲ್ಲಿ ಹಾಕಿದ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 10 ರೂಪಾಯಿ. ಅಲ್ಲಿ ಬಳಕೆ ಏರಿದಂತೆ ಯೂನಿಟ್ ದರ ಏರುತ್ತದೆ, ವೆಚ್ಚದ ಭಾರ ಹೆಚ್ಚು ಬಳಸುವವರ ಕಡೆ ವಾಲುತ್ತದೆ. ಅಲ್ಲಿನ ಕಂಪನಿಗಳೂ ಸಾಲದಲ್ಲಿವೆ ಎಂಬ ಆಕ್ಷೇಪ ನಿಜವೇ. ಆದರೆ ಆ ಸಾಲಕ್ಕೆ ಏತ ನೀರಾವರಿಯ ಬಾಕಿಯಂಥ ದೊಡ್ಡ ಕಾರಣಗಳಿವೆ.

ಮನೆಯ ಮೇಲೆ ಸೌರಫಲಕ ಹಾಕಿಸಿಕೊಂಡ ಉಳ್ಳವರು ಜಾಲವನ್ನು ಪುಕ್ಕಟೆ ಬಳಸುತ್ತಾರೆ, ಅವರಿಂದ ವಸೂಲು ಮಾಡಲು ನಿಗದಿತ ಶುಲ್ಕವೇ ದಾರಿ ಎಂಬ ಇನ್ನೊಂದು ವಾದವಿದೆ. ಹಾಗಿದ್ದರೆ ಅವರಿಗೇ ಹಾಕಿ. ಮೂರು ಕಿಲೋವ್ಯಾಟ್ ಮೇಲ್ಪಟ್ಟ ಲೋಡ್‌ಗೆ ಹಾಕಿ. ಒಂದು ಕಿಲೋವ್ಯಾಟ್‌ನ ಮನೆಯನ್ನು ಅದರಲ್ಲಿ ಯಾಕೆ ಎಳೆಯುತ್ತೀರಿ? 2024ರಲ್ಲಿ ಕ್ಯಾಲಿಫೋರ್ನಿಯಾದ ಆಯೋಗ ತಿಂಗಳಿಗೆ 24.15 ಡಾಲರ್ ಸ್ಥಿರ ಶುಲ್ಕಕ್ಕೆ ಒಪ್ಪಿಗೆ ಕೊಟ್ಟಾಗ ಕಡಿಮೆ ಆದಾಯದ ಮನೆಗಳಿಗೆ ಅದನ್ನು 6 ಅಥವಾ 12 ಡಾಲರಿಗೆ ಇಳಿಸಿತು. ಶ್ರೀಮಂತ ರಾಜ್ಯಕ್ಕೆ ತೋರಿದ ಈ ಭೇದ ನಮ್ಮ ಆಯೋಗಕ್ಕೆ ತೋರಲಿಲ್ಲ.

ಸ್ಥಿರ ಪಾವತಿಯೇ ಕೆಟ್ಟದ್ದೆಂದು ಇದರ ಅರ್ಥವಲ್ಲ. ಸಿಂಧನೂರಿನಂಥ ಭತ್ತದ ಸೀಮೆಯಲ್ಲಿ ಕೈಗೆ ಹಣ ಬರುವುದು ಸುಗ್ಗಿಯಲ್ಲಿ, ದೊಡ್ಡ ಬಿಲ್ಲು ಬರುವುದು ಬೇಸಿಗೆಯಲ್ಲಿ. ಯೂನಿಟ್ ಲೆಕ್ಕವನ್ನೇ ಇಟ್ಟುಕೊಂಡು ವರ್ಷದ ಅಂದಾಜನ್ನು ಹನ್ನೆರಡು ಸಮ ಕಂತು ಮಾಡಿ, ಕೊನೆಗೆ ಹೆಚ್ಚುಕಡಿಮೆ ಚುಕ್ತಾ ಮಾಡುವ ಪದ್ಧತಿ ಬಂದರೆ ಎಷ್ಟೋ ಮನೆಗಳು ಅದನ್ನು ಕೇಳಿ ಪಡೆದಾವು. ಹೆಚ್ಚು ನಿಗದಿತ ಶುಲ್ಕ ಕಟ್ಟಿ ಅಗ್ಗದ ಯೂನಿಟ್ ಪಡೆಯಲು ಎ.ಸಿ. ಇರುವ ಮನೆ ಬಯಸಿದರೆ ಅದೂ ಆಗಲಿ. ಆದರೆ ಆಯ್ಕೆ ಮನೆಯವರದಾಗಿರಬೇಕು. ಸ್ವಿಚ್ ಆರಿಸಿದರೆ ಬಿಲ್ಲು ಇಳಿಯುತ್ತದೆ ಎಂಬುದೊಂದೇ ಸಣ್ಣ ಸಂಸಾರದ ಕೈಯಲ್ಲಿದ್ದ ಹಿಡಿತ. ಅದನ್ನೇ ಆಯೋಗ ವರ್ಷ ವರ್ಷ ಸಡಿಲಿಸುತ್ತಿದೆ. ದರ ಪರಿಷ್ಕರಣೆಯ ಪ್ರಕಟಣೆ ಹೊರಟಾಗ ಆಕ್ಷೇಪಣೆ ಸಲ್ಲಿಸಲು ಪ್ರತಿ ಗ್ರಾಹಕರಿಗೂ ಹಕ್ಕಿದೆ. ಅದನ್ನು ಕೈಗಾರಿಕೆ, ವಾಣಿಜ್ಯ ಸಂಘಗಳಿಗಷ್ಟೇ ಬಿಟ್ಟುಕೊಡಬೇಡಿ. ಮೂರೂ ಊರುಗಳ ಗ್ರಾಹಕರು ಒಂದು ಕಿಲೋವ್ಯಾಟ್‌ವರೆಗಿನ ಮನೆಗೆ ನಿಗದಿತ ಶುಲ್ಕ ಬೇಡ ಎಂಬ ಒಂದೇ ಬೇಡಿಕೆ ಬರೆದು ಕಳಿಸಲಿ, ಇಲ್ಲಿನ ಶಾಸಕರು ಅದನ್ನು ಸದನದಲ್ಲಿ ಕೇಳಲಿ.