ಗೃಹಪ್ರವೇಶಕ್ಕೆ ಮೊದಲು ಕಟ್ಟಡದ ತಪಾಸಣೆ

ಒಂದೇ ಅಪಾರ್ಟ್‌ಮೆಂಟಿನ ನಾಲ್ವರು ಹದಿನೈದು ದಿನಗಳೊಳಗೆ ಕಾಮಾಲೆಯಾಗಿ ನನ್ನ ದವಾಖಾನೆಗೆ ಬಂದಿದ್ದರು. ಅವರಲ್ಲೊಬ್ಬಾಕೆ ಆರು ತಿಂಗಳ ಗರ್ಭಿಣಿ. ವಿಚಾರಿಸಿದಾಗ ತಿಳಿದದ್ದು ಇಷ್ಟು: ಕುಡಿಯುವ ನೀರಿನ ಸಂಪಿನ ಪಕ್ಕದಲ್ಲೇ ಶೌಚದ ಚೇಂಬರ್, ಸಂಪಿನ ಗೋಡೆಯಲ್ಲಿ ಬಿರುಕು. ಕಟ್ಟಡಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ.

ಫ್ಲ್ಯಾಟ್ ಕೊಳ್ಳುವಾಗ ನಾವು ವಾಸ್ತು ನೋಡುತ್ತೇವೆ, ಟೈಲ್ಸ್ ನೋಡುತ್ತೇವೆ. ಸಂಪಿನ ಮುಚ್ಚಳ ಎತ್ತಿ ನೋಡುವವರು ಎಷ್ಟು ಜನ? ಪಂಪು, ಕೊಳವೆ, ಗಟಾರ, ಲಿಫ್ಟ್, ಜನರೇಟರ್, ಬೆಂಕಿ ನಂದಿಸುವ ವ್ಯವಸ್ಥೆ ಎಲ್ಲವನ್ನೂ ಜನ ವಾಸಕ್ಕೆ ಬರುವ ಮೊದಲೇ ನಡೆಸಿ ನೋಡಿ, ದೋಷ ತಿದ್ದಿ, ಬರೆದುಕೊಟ್ಟು ಒಪ್ಪಿಸುವುದಕ್ಕೆ ಎಂಜಿನಿಯರರು ‘ಕಮಿಷನಿಂಗ್’ ಎನ್ನುತ್ತಾರೆ. ಅಪಾರ್ಟ್‌ಮೆಂಟುಗಳಿಗೂ ಇದು ಕಡ್ಡಾಯವಾಗಬೇಕೆಂಬುದು ನನ್ನ ಅಭಿಪ್ರಾಯ.

ನಮ್ಮ ಅವಳಿ ನಗರಕ್ಕೆ ಇದು ಹೆಚ್ಚು ಅಗತ್ಯ. ದಿನವಿಡೀ ನೀರು ಕೊಡುವ ಯೋಜನೆ 2008ರಲ್ಲಿ ಕೆಲವು ವಾರ್ಡುಗಳಲ್ಲಿ ಆರಂಭವಾದರೂ, ಅನೇಕ ಬಡಾವಣೆಗಳಲ್ಲಿ ಮಲಪ್ರಭೆಯ ನೀರು ದಿನಾಲೂ ಬರುವುದಿಲ್ಲ. ಸಂಗ್ರಹಿಸಿಡುವುದು ಅನಿವಾರ್ಯ. ಆದ್ದರಿಂದ ಸಂಪು ತುಂಬಿಸಿ, ಮಟ್ಟಕ್ಕೆ ಗುರುತು ಹಾಕಿ, ನೀರು ಬಳಸದೆ ಒಂದು ಇಡೀ ದಿನ ಬಿಟ್ಟು ನೋಡಬೇಕು. ನೀರು ಇಳಿದಿದ್ದರೆ, ಒಳಗಿನದು ಹೊರಹೋಗುವ ದಾರಿಯಲ್ಲೇ ಹೊರಗಿನ ಹೊಲಸು ಒಳಬರಬಲ್ಲದು. ಕ್ಲೋರಿನ್ ಹಾಕಿದ ನೀರು ಮೇಲಿನ ಮಹಡಿಯ ಕೊನೆಯ ನಳದಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ತೋರಿಸಬೇಕು. ಟ್ಯಾಂಕಿನ ಮುಚ್ಚಳ ಭದ್ರವಾಗಿರಬೇಕು. ಡೆಂಗೀ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಸುಮಾರು ಎಂಟು-ಹತ್ತು ದಿನ ಸಾಕು.

ಬಚ್ಚಲಿನ ಜಾಲರಿಯ ಕೆಳಗೆ ಬಾಗಿದ ಕೊಳವೆಯಲ್ಲಿ ಸದಾ ಸ್ವಲ್ಪ ನೀರು ನಿಂತಿರಬೇಕು. ಗಟಾರದ ಗಾಳಿ ಒಳಬರದಂತೆ ತಡೆಯುವುದು ಅದೇ. 2003ರಲ್ಲಿ ಹಾಂಗ್‌ಕಾಂಗಿನ ಆಮಾಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ತಗುಲಿತು. ಹೀಗೆ ಒಣಗಿದ ಕೊಳವೆಗಳ ಮೂಲಕ ಸೋಂಕು ಹರಡಿತೆಂದು ತನಿಖೆ ಗುರುತಿಸಿತು.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಜನ ಸತ್ತದ್ದನ್ನು ನಾವು ಮರೆತಿಲ್ಲ. ಕಂಬ, ಅಡಿಪಾಯಗಳ ಪರೀಕ್ಷೆ ಬೇರೆ. ಅದು ಕಟ್ಟುವ ಕಾಲದಲ್ಲೇ ಆಗಬೇಕು. ಆದರೆ ಕುಸಿಯದ ಕಟ್ಟಡವೂ ಕಾಯಿಲೆ ತರಬಲ್ಲದು, ಸದ್ದಿಲ್ಲದೆ.

ಖರ್ಚಿನ ಮಾತು ಬರುತ್ತದೆ. ಎಲ್ಲ ಮನೆಗಳವರು ಹಂಚಿಕೊಂಡರೆ ಸ್ವತಂತ್ರ ಎಂಜಿನಿಯರರ ಶುಲ್ಕ ಯಾರಿಗೂ ಭಾರವಾಗದು. ಲಾಭ ಇನ್ನೂ ಒಂದಿದೆ. 2016ರ ರೇರಾ ಕಾಯ್ದೆಯಡಿ ಬರುವ ಕಟ್ಟಡಗಳಲ್ಲಿ, ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ಕಂಡ ದೋಷವನ್ನು ತಿಳಿಸಿದರೆ, 30 ದಿನಗಳಲ್ಲಿ ಶುಲ್ಕವಿಲ್ಲದೆ ಸರಿಪಡಿಸುವುದು ಬಿಲ್ಡರರ ಹೊಣೆ. ಮೊದಲ ದಿನದ ತಪಾಸಣೆಯ ವರದಿ ಕೈಯಲ್ಲಿದ್ದರೆ ನಿಮ್ಮ ದೂರಿಗೆ ಬಲ ಬರುತ್ತದೆ.

ಆದ್ದರಿಂದ ಕೀಲಿ ಪಡೆಯುವ ಮುನ್ನ ನೆರೆಹೊರೆಯವರೆಲ್ಲ ಒಟ್ಟಾಗಿ ಆ ವರದಿ ಕೇಳಿ. ವಿದ್ಯುತ್ ತೆಗೆಸಿ ಲಿಫ್ಟ್ ಏನಾಗುತ್ತದೆಂದು ನೋಡಿ. ಬೆಂಕಿ ನಂದಿಸುವ ಪೈಪಿನಲ್ಲಿ ನೀರು ಮೇಲಿನ ಮಹಡಿಗೆ ಬರುತ್ತದೆಯೇ ನೋಡಿ. ಆ ಗರ್ಭಿಣಿ ತಾಯಿ ಗುಣವಾಗಿ ಹೆರಿಗೆ ಸುಸೂತ್ರವಾಯಿತು. ಆದರೆ ಗರ್ಭಿಣಿಯರಿಗೆ ಇ ಮಾದರಿಯ ಕಾಮಾಲೆ ಪ್ರಾಣಾಂತಿಕವಾಗಬಹುದು. ಹಾಲು ಉಕ್ಕಿಸುವ ಮೊದಲು ಒಮ್ಮೆ ಸಂಪಿನ ಮುಚ್ಚಳ ಎತ್ತಿ ನೋಡಿರಿ.