ಅಣೆಕಟ್ಟು ಅಲ್ಲಿ, ಆತಂಕ ಇಲ್ಲಿ
ಚಿಕ್ಕೋಡಿ: 2005 ಹಾಗೂ 2019ರ ಮಹಾಪೂರಗಳು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನದಿದಂಡೆಯ ಜನರನ್ನು ಕಂಗೆಡಿಸಿದ್ದವು. ಕೃಷ್ಣೆಗೆ ನೀರು ಹರಿಸುವ, ಮಹಾರಾಷ್ಟ್ರದ 105 ಟಿಎಂಸಿ ಸಾಮರ್ಥ್ಯದ ಕೊಯ್ನಾ ಅಣೆಕಟ್ಟು 1967ರ ಭೂಕಂಪದಲ್ಲಿ ಬಿರುಕು ಬಿಟ್ಟು, ಬಳಿಕ ಬಲಪಡಿಸಲ್ಪಟ್ಟಿತು.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು ಸಮಗ್ರ ಸುರಕ್ಷತಾ ಮೌಲ್ಯಮಾಪನಕ್ಕೂ ತುರ್ತು ಕ್ರಿಯಾ ಯೋಜನೆಗೂ ಐದು ವರ್ಷಗಳ ಗಡುವು ವಿಧಿಸಿದೆ. ಅದರ ಅಂತಿಮ ದಿನ 2026ರ ಡಿಸೆಂಬರ್ ಅಂತ್ಯ. ಆದರೆ ಕೊಯ್ನಾದ ಒಡೆತನವೂ ಮಹಾರಾಷ್ಟ್ರದ್ದು, ತಪಾಸಣೆಯ ಹೊಣೆಯೂ ಅಲ್ಲಿನ ರಾಜ್ಯ ಸಂಸ್ಥೆಯದ್ದು. ಹೇಳಿದ ದುರಸ್ತಿ ನಡೆಯಿತೇ ಎಂಬುದನ್ನು ತಿಳಿಯುವ ನೇರ ಮಾರ್ಗ ಕೆಳಹರಿವಿನ ಗ್ರಾಮಗಳಿಗಿಲ್ಲ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದದ್ದು ಎಚ್ಚರಿಕೆಯೇ ಸರಿ. ಮೌಲ್ಯಮಾಪನದ ವರದಿಯೂ ಜಲಾವೃತವಾಗಬಹುದಾದ ಪ್ರದೇಶಗಳ ನಕಾಶೆಯೂ ಕನ್ನಡದಲ್ಲಿ ಈ ತಾಲೂಕು ಕಚೇರಿಗಳನ್ನು ತಲುಪಿದಾಗಲೇ ಕಾಯ್ದೆ ಸಾರ್ಥಕ.